ಪಡಸಾಲೆಯಲ್ಲಿ ಜೀವಶಾಸ್ತ್ರ

ನಿಮ್ಮ ಮನೆಯಲ್ಲೂ ಈ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆಗೆ ಕೂರುವ ಮಗಳಿದ್ದಾಳೆಯೇ? ಹಾಗಿದ್ದರೆ ಸಂಕ್ರಾಂತಿಯ ಎಳ್ಳು ಬೀರಿ ಮುಗಿಯುತ್ತಿದ್ದಂತೆ ಮನೆಯ ಗಾಳಿಯೇ ಬದಲಾಗುವುದು ನಿಮಗೆ ಗೊತ್ತು. ಟಿ.ವಿ. ಸದ್ದು ಅಡಗುತ್ತದೆ. ನೆಂಟರಿಗೆ "ಪರೀಕ್ಷೆ ಮುಗೀಲಿ, ಆಮೇಲೆ ಬಂದು ನಾಲ್ಕು ದಿನ ಇದ್ದು ಹೋಗಿ" ಎಂದು ಹೇಳಿ ಕಳಿಸುತ್ತೀರಿ. ಮಗಳು ಪುಸ್ತಕ ಹಿಡಿದು ಮೂಲೆ ಸೇರುತ್ತಾಳೆ, ನೀವು ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತೀರಿ. ಹೀಗಿರುವಾಗ ಒಂದು ಸಂಜೆ ಅವಳೇ ಬಂದು, "ಅಮ್ಮಾ, ನಾಳೆಯಿಂದ ನನ್ನ ಫ್ರೆಂಡ್ಸ್ ಮೂರು ಜನ ನಮ್ಮನೇಗೆ ಬರ್ತಾರೆ, ಬಯಾಲಜಿ ಒಟ್ಟಿಗೆ ಓದ್ಕೋತೀವಿ" ಎನ್ನುತ್ತಾಳೆ.

ನಿಮ್ಮ ಎದೆ ಧಸಕ್ಕೆನ್ನುತ್ತದೆ. ಓದುತ್ತಾರೋ, ಹರಟೆ ಹೊಡೆಯುತ್ತಾರೋ? ನಾಲ್ಕು ಜನಕ್ಕೆ ದಿನಾ ಕಾಫಿ ತಿಂಡಿ ಅಂದರೆ ಖರ್ಚೆಷ್ಟು? ಮನೆಯವರು ಏನೆನ್ನುತ್ತಾರೋ, ಅತ್ತೆಯವರು ಏನೆನ್ನುತ್ತಾರೋ? ಇಷ್ಟೆಲ್ಲ ಯೋಚಿಸಿ ನೀವು "ಬೇಡಮ್ಮ, ಅವರವರ ಮನೇಲಿ ಅವರವರು ಓದಿಕೊಳ್ಳಲಿ" ಎನ್ನುವ ಮೊದಲು ಈ ಲೇಖನವನ್ನು ಒಮ್ಮೆ ಓದಿ. ಬೇಡ ಎನ್ನಲು ಕಾರಣಗಳು ಬೇಕಾದಷ್ಟು ಸಿಗುತ್ತವೆ. ಆದರೆ ಜೀವಶಾಸ್ತ್ರದ ಮಟ್ಟಿಗೆ ಹೇಳುವುದಾದರೆ, ನಿಮ್ಮ ಪಡಸಾಲೆಗಿಂತ, ಅದರ ಹಿಂದಿನ ಅಡಿಗೆಮನೆಗಿಂತ ಒಳ್ಳೆಯ ಜಾಗ ಈ ಹುಡುಗಿಯರಿಗೆ ಸಿಗುವುದು ಕಷ್ಟ.

ಮೊದಲು ಈ ವಿಷಯದ ತೂಕ ಎಷ್ಟೆಂದು ತಿಳಿಯೋಣ. ಪಿಯುಸಿಯಲ್ಲಿ ಜೀವಶಾಸ್ತ್ರಕ್ಕೆ 100 ಅಂಕ. ಅದರಲ್ಲಿ 70 ಬರವಣಿಗೆಗೆ, 30 ಪ್ರಾಯೋಗಿಕಕ್ಕೆ. ಮುಂದೆ ಬಿ.ಎಸ್ಸಿ. ನರ್ಸಿಂಗ್ ಆಗಲಿ, ಕೃಷಿ ಪದವಿಯಾಗಲಿ, ಪಶುವೈದ್ಯಕೀಯವಾಗಲಿ ಈ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಡಾಕ್ಟರಾಗುವ ಆಸೆ ಇದ್ದರಂತೂ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಸರಿಯಾಗಿ ಅರ್ಧ, ಅಂದರೆ 360, ಜೀವಶಾಸ್ತ್ರದ್ದೇ. ಆ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದೆಂಬುದು ನಮ್ಮ ಊರುಗಳಲ್ಲಿ ಇನ್ನೂ ಎಷ್ಟೋ ತಂದೆ ತಾಯಿಗಳಿಗೆ ತಿಳಿದಂತಿಲ್ಲ.

ಕಷ್ಟ ಎಲ್ಲಿದೆ ಅಂತೀರಾ? ಭಾಷೆಯಲ್ಲಿದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, "ಪರಾಗಸ್ಪರ್ಶ", "ವರ್ಣತಂತು", "ಅಂಡಾಶಯ" ಎಂದು ಅಚ್ಚುಕಟ್ಟಾಗಿ ಬರೆದು ಒಳ್ಳೆಯ ಅಂಕ ತೆಗೆದ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನವೇ ಎಲ್ಲವೂ ಇಂಗ್ಲಿಷ್. ಪಾಠ ಇಂಗ್ಲಿಷ್, ಪುಸ್ತಕ ಇಂಗ್ಲಿಷ್. ಆಗ ಅವಳು ಏನು ಮಾಡುತ್ತಾಳೆ? ಬಾಯಿಪಾಠ ಮಾಡುತ್ತಾಳೆ. ಒಬ್ಬಳೇ ಕೂತು, ಮುಂದಕ್ಕೂ ಹಿಂದಕ್ಕೂ ತೂಗುತ್ತಾ, ಅರ್ಥವಾಗದ ಸಾಲನ್ನು ಇಪ್ಪತ್ತು ಸಲ ಹೇಳಿಕೊಳ್ಳುತ್ತಾಳೆ. ನೀವು "ಪಾಪ, ಎಷ್ಟು ಓದುತ್ತಾಳೆ" ಅಂದುಕೊಳ್ಳುತ್ತೀರಿ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಅಷ್ಟೂ ಹಾರಿಹೋಗುತ್ತದೆ.

ನಾಲ್ಕು ಜನ ಹುಡುಗಿಯರು, ಒಂದು ಕೆಂಪು ನೆಲ

2025ರ ಫೆಬ್ರುವರಿಯಲ್ಲಿ ತಾಲ್ಲೂಕು ಕೇಂದ್ರವೊಂದರಲ್ಲಿ ನನಗೆ ಪರಿಚಯದ ಒಂದು ಮನೆಗೆ ನಾಲ್ಕಾರು ಸಂಜೆ ಹೋಗಿ ಕೂತಿದ್ದೆ. ಯಜಮಾನರದು ಕಿರಾಣಿ ಅಂಗಡಿ. ಮನೆಯಾಕೆ ಓದಿದ್ದು ಏಳನೆಯ ಇಯತ್ತೆ. ಮಗಳ ಜತೆ ಓದಲು ಬರುತ್ತಿದ್ದವರು ಮೂವರು: ಮೇಷ್ಟರ ಮಗಳು, ಟೈಲರ್ ಹೆಂಗಸಿನ ಮಗಳು, ಮತ್ತೆ ಎಂಟು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುವ ಒಬ್ಬ ಹುಡುಗಿ. ಮೇಷ್ಟರ ಮಗಳು ಕ್ಲಾಸಿಗೆ ಮೊದಲು. ಹಳ್ಳಿಯ ಹುಡುಗಿ ಮಧ್ಯಾವಧಿ ಪರೀಕ್ಷೆಯಲ್ಲಿ ಪಾಸಾಗಿರಲಿಲ್ಲ. ಅವಳ ಮನೆಯಲ್ಲಿ ಮಾತು ಸ್ಪಷ್ಟವಾಗಿತ್ತು. ಪಾಸಾದರೆ ನರ್ಸಿಂಗ್ ನೋಡೋಣ, ಫೇಲಾದರೆ ಮದುವೆ. ಗಂಡಿನ ಕಡೆಯವರು ಆಗಲೇ ಎರಡು ಸಲ ಬಂದು ಹೋಗಿದ್ದರು.

ಆ ಹುಡುಗಿ ಮೊದಲ ವಾರ ಮನೆಯಾಕೆಯನ್ನು "ಅಮ್ಮಾವ್ರೇ" ಎನ್ನುತ್ತಿದ್ದಳು, ಹೊಸ್ತಿಲ ಪಕ್ಕದಲ್ಲೇ ಕೂರುತ್ತಿದ್ದಳು. ಉಳಿದವರಂತೆ "ಆಂಟಿ" ಎನ್ನಲು, ಚಾಪೆಯ ನಡುವೆ ಬಂದು ಕೂರಲು ಹತ್ತು ದಿನ ಬೇಕಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಒಟ್ಟಿಗೆ ಓದುವುದು ಎನ್ನುವುದು ಅಲ್ಲಿಂದಲೇ ಶುರುವಾಗುತ್ತದೆ. ಯಾರ ಮನೆಯ ಮಗಳು ಎಂದು ವಿಚಾರಿಸಿ ಲೋಟ ಬೇರೆ ಇಡುವ ಮನೆಯಲ್ಲಿ ಯಾವ ಹುಡುಗಿಯೂ "ನನಗೆ ಇದು ಗೊತ್ತಾಗಲಿಲ್ಲ, ಇನ್ನೊಂದು ಸಲ ಹೇಳು" ಎಂದು ಬಾಯಿ ಬಿಡುವುದಿಲ್ಲ. ಇದು ಕಹಿ ಮಾತು, ಆದರೂ ಹೇಳಿಬಿಡುತ್ತೇನೆ. ಅದೇ ಮಕ್ಕಳು ಓದುವ ಪಾಠದಲ್ಲಿ ರಕ್ತಕ್ಕೆ ಎ, ಬಿ, ಎಬಿ, ಓ ಎಂಬ ನಾಲ್ಕು ಗುಂಪುಗಳಿವೆಯೇ ಹೊರತು ಐದನೆಯದೊಂದಿಲ್ಲ.

ಆ ಮನೆಯ ಪಡಸಾಲೆಯದು ಹಳೇ ಕಾಲದ ಕೆಂಪು ಗಾರೆ ನೆಲ. ಹುಡುಗಿಯರು ಅದರ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆಯುತ್ತಿದ್ದರು. ಜೀವಶಾಸ್ತ್ರದಲ್ಲಿ ಚಿತ್ರಕ್ಕೆ ಅಂಕ ಜಾಸ್ತಿ, ಭಾಗಗಳ ಹೆಸರು ತಪ್ಪಿದರೆ ಅಂಕ ಹೋಯಿತು. ಹೂಬಿಡುವ ಗಿಡಗಳ ಪಾಠದಲ್ಲಿ ಭ್ರೂಣಚೀಲ ಎಂದು ಒಂದು ಚಿತ್ರ ಬರುತ್ತದೆ. ಎಂಟು ಕೋಶಕೇಂದ್ರಗಳು, ಆದರೆ ಏಳೇ ಜೀವಕೋಶಗಳು. ಎಲ್ಲ ಮಕ್ಕಳೂ ಇಲ್ಲಿ ಎಡವುತ್ತಾರೆ. ಮನೆಯಾಕೆ ಸಾರಿಗೆ ಬೇಳೆ ಹಾಕಿ ಬಂದವರು ನೋಡಿ, "ಎಂಟು ಚುಕ್ಕಿ ರಂಗೋಲಿ ಇದ್ದ ಹಾಗಿದೆಯಲ್ಲೇ" ಅಂದರು. ಅಷ್ಟೇ ಸಾಕಾಯಿತು. ಮೇಲೆ ಮೂರು ಚುಕ್ಕಿ, ಕೆಳಗೆ ಮೂರು ಚುಕ್ಕಿ, ನಡುವಿನ ದೊಡ್ಡ ಮನೆಯಲ್ಲಿ ಜೋಡಿ ಚುಕ್ಕಿ. ಒಂದೊಂದು ಚುಕ್ಕಿಗೆ ಒಂದೊಂದು ಗೆರೆ ಸುತ್ತಿದರೆ ಆರು ಮನೆ, ನಡುವಿನ ಜೋಡಿ ಒಂದೇ ಮನೆಯಲ್ಲಿರುವುದರಿಂದ ಏಳನೆಯದು. ಕೆಳಗಿನ ಮೂರರಲ್ಲಿ ನಡುವಿನದು ಅಂಡಾಣು, ಅಕ್ಕಪಕ್ಕ ಅದರ ಇಬ್ಬರು ಸಹಾಯಕಿಯರು. ಚುಕ್ಕಿ ಎಣಿಸಿ ಬೆಳೆದ ಹೆಣ್ಣುಮಕ್ಕಳಿಗೆ ಇದನ್ನು ಇನ್ನೆರಡು ಸಲ ಹೇಳಬೇಕಾಗಲಿಲ್ಲ.

ಅಡಿಗೆಮನೆಯಲ್ಲೇ ಇರುವ ಪಾಠಗಳು

"ನಮಗೆಲ್ಲಿ ಬರುತ್ತೆ ಆ ಇಂಗ್ಲಿಷ್ ಪುಸ್ತಕ" ಎನ್ನಬೇಡಿ. ಆ ಪುಸ್ತಕದ ಅರ್ಧ ಪಾಲು ನಿಮ್ಮ ಕೈಯಲ್ಲಿ ದಿನಾ ಓಡಾಡುತ್ತಿದೆ.

ಸೂಕ್ಷ್ಮಜೀವಿಗಳ ಪಾಠ ತೆಗೆದುಕೊಳ್ಳಿ. ಅದು ಶುರುವಾಗುವುದೇ ಮೊಸರಿನಿಂದ. ರಾತ್ರಿ ನೀವು ಉಗುರು ಬೆಚ್ಚಗಿನ ಹಾಲಿಗೆ ಹಾಕುವ ಒಂದು ಚಮಚ ಹೆಪ್ಪಿನಲ್ಲಿ ಲಕ್ಷಾಂತರ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿವೆ. ಅವು ಬೆಳೆಯುತ್ತಾ ಆಮ್ಲ ಬಿಡುತ್ತವೆ, ಆ ಆಮ್ಲದಿಂದ ಹಾಲಿನ ಪ್ರೋಟೀನು ಗಟ್ಟಿಯಾಗುತ್ತದೆ. ಹಾಲು ಮೊಸರಾದಾಗ ಅದರಲ್ಲಿ ಬಿ-12 ಜೀವಸತ್ವ ಹೆಚ್ಚುತ್ತದೆಂದೂ ಪುಸ್ತಕ ಹೇಳುತ್ತದೆ. ಇಡ್ಲಿ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿ ಉಕ್ಕುವುದೂ ಇದೇ ಜಾತಿಯ ಕೆಲಸ. ಬ್ಯಾಕ್ಟೀರಿಯಾ ಹಿಟ್ಟನ್ನು ಹುದುಗಿಸುವಾಗ ಬಿಡುವ ಇಂಗಾಲದ ಡೈಆಕ್ಸೈಡ್ ಒಳಗೆ ಸಿಕ್ಕಿ ಗುಳ್ಳೆಯಾಗುತ್ತದೆ. ಹುಡುಗಿಯರಿಗೆ "ಇನಾಕ್ಯುಲಮ್" ಎಂಬ ಪದ ಬಾಯಿಗೆ ಹತ್ತುತ್ತಿರಲಿಲ್ಲ. ಅದು ನಮ್ಮ ಹೆಪ್ಪೇ ಎಂದು ಗೊತ್ತಾದ ಮೇಲೆ ಮರೆಯಲಿಲ್ಲ.

ತೆಂಗಿನಕಾಯಿ ಒಡೆದಾಗ ಒಂದು ನಿಮಿಷ ನಿಲ್ಲಿ. ಎಳನೀರು ಅಂದರೆ ಬರೀ ನೀರಲ್ಲ, ಅದು ಬೀಜದೊಳಗಿನ ಕೂಸಿಗೆ ಇಟ್ಟ ಆಹಾರ. ಸಾವಿರಾರು ಕೋಶಕೇಂದ್ರಗಳು ನಡುವೆ ಗೋಡೆಯಿಲ್ಲದೆ ತೇಲುತ್ತಿರುವ ಸ್ಥಿತಿ ಅದು. ಗೋಡೆ ಕಟ್ಟಿಕೊಂಡ ಭಾಗವೇ ನೀವು ತುರಿಯುವ ಬಿಳಿ ಕೊಬ್ಬರಿ. ಪರೀಕ್ಷೆಯಲ್ಲಿ ಈ ಎರಡರ ವ್ಯತ್ಯಾಸ ಕೇಳುವುದುಂಟು. ಹೂಬಿಡುವ ಗಿಡಗಳಲ್ಲಿ ಗರ್ಭಾಂಕುರ ಎರಡು ಸಲ ಆಗುತ್ತದೆ, ಒಂದು ಕೂಸಿಗೆ, ಇನ್ನೊಂದು ಕೂಸಿನ ಊಟಕ್ಕೆ. ಇದನ್ನು ರಷ್ಯದ ನವಾಶಿನ್ ಎಂಬುವರು 1898ರಲ್ಲಿ ಕಂಡುಹಿಡಿದರು. ಹುಟ್ಟುವ ಮೊದಲೇ ಬುತ್ತಿ ಕಟ್ಟುವ ಏರ್ಪಾಡು, ನೋಡಿ!

ಹಿತ್ತಲಿಗೆ ಬನ್ನಿ. ಕುಂಬಳ ಬಳ್ಳಿಯಲ್ಲಿ ಮೊದಲು ಬಿಡುವ ಹೂವೆಲ್ಲ ಉದುರಿ ಹೋಗುವುದು, ಬುಡದಲ್ಲಿ ಪುಟ್ಟ ಕಾಯಿಯಿರುವ ಹೂವು ಆಮೇಲೆ ಬರುವುದು ನಿಮಗೆ ಗೊತ್ತು. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಂಗಿಯಲ್ಲಾದರೆ ಸಾಮಾನ್ಯವಾಗಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಈಗ ಪುಸ್ತಕದ ಪ್ರಶ್ನೆ: ಹರಳು ಗಿಡ, ಮುಸುಕಿನ ಜೋಳಗಳಲ್ಲಿ ಒಂದು ಹೂವಿನ ಪರಾಗ ಅದೇ ಹೂವಿಗೆ ಬೀಳುವುದು ತಪ್ಪುತ್ತದೆ, ಆದರೆ ಅದೇ ಗಿಡದ ಇನ್ನೊಂದು ಹೂವಿಗೆ ಬೀಳುವುದು ತಪ್ಪುವುದಿಲ್ಲ. ಪರಂಗಿಯಲ್ಲಿ ಎರಡೂ ತಪ್ಪುತ್ತದೆ. ಏಕೆ? ಹಿತ್ತಲು ನೋಡಿದವಳಿಗೆ ಉತ್ತರ ಬಾಯಿಪಾಠ ಬೇಕಿಲ್ಲ. ದಾಸವಾಳದ ಹೂವೊಂದನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಕೊಟ್ಟರಂತೂ ಕೇಸರ, ಶಲಾಕೆ, ಅಂಡಾಶಯ ಎಲ್ಲ ಕಣ್ಣಮುಂದೆ. ದೇವರಿಗೆ ಒಂದು ಹೂ ಕಡಿಮೆಯಾದರೆ ದೇವರೇನೂ ಬೇಸರ ಪಟ್ಟುಕೊಳ್ಳುವುದಿಲ್ಲ.

ಇನ್ನು ಅನುವಂಶೀಯತೆಯ ಪಾಠ. ಮಕ್ಕಳು ಹೆದರುವುದು ಇದಕ್ಕೇ, ಲೆಕ್ಕ ಬರುತ್ತದಲ್ಲ. ಈಗಿನ ಚೆಕ್ ದೇಶದ ಬ್ರನೋ ಪಟ್ಟಣದ ಮಠದಲ್ಲಿದ್ದ ಮೆಂಡೆಲ್ ಎಂಬ ಪಾದ್ರಿ 1856ರಿಂದ 1863ರವರೆಗೆ ತೋಟದಲ್ಲಿ ಬಟಾಣಿ ಬೆಳೆದು, ಸುಲಿದು, ಕಾಳು ಎಣಿಸಿದ. ಒಂದು ಪ್ರಯೋಗದಲ್ಲಿ ಗುಂಡು ಕಾಳು 5474, ಸುಕ್ಕು ಕಾಳು 1850. ಹೆಚ್ಚು ಕಡಿಮೆ ಮೂರಕ್ಕೆ ಒಂದು. 1866ರಲ್ಲಿ ಅಚ್ಚಾದ ಆ ಬರಹದ ಬೆಲೆ ಜಗತ್ತಿಗೆ ತಿಳಿದದ್ದು 1900ರಲ್ಲಿ, ಆತ ತೀರಿಕೊಂಡು ಹದಿನಾರು ವರ್ಷವಾದ ಮೇಲೆ. "ಬಟಾಣಿ ಸುಲಿಯೋದು ನಮಗೂ ಗೊತ್ತು, ಎಣಿಸೋಕೆ ಪುರುಸೊತ್ತು ಬೇಕಲ್ಲ" ಅಂದರು ಮನೆಯಾಕೆ!

ಈ ಲೆಕ್ಕಕ್ಕೆ ಟೈಲರ್ ಮಗಳು ಒಂದು ಉಪಾಯ ತಂದಳು. ಅವಳಮ್ಮನ ಹೊಲಿಗೆ ಡಬ್ಬಿಯಿಂದ ಒಂದೇ ಅಳತೆಯ ಕಪ್ಪು ಬಿಳಿ ಗುಂಡಿಗಳು. ಎರಡು ಬಟ್ಟಲು, ಒಂದು ತಾಯಿಯದು, ಒಂದು ತಂದೆಯದು. ಒಂದೊಂದರಲ್ಲೂ ಹತ್ತು ಕಪ್ಪು, ಹತ್ತು ಬಿಳಿ. ಕಣ್ಣು ಮುಚ್ಚಿ ಎರಡು ಬಟ್ಟಲಿನಿಂದಲೂ ಒಂದೊಂದು ತೆಗೆದು, ಬರೆದುಕೊಂಡು, ವಾಪಸು ಹಾಕುವುದು. ನೂರು ಸಲ ತೆಗೆದರೆ ಎರಡೂ ಬಿಳಿ ಬರುವುದು ಸುಮಾರು ಇಪ್ಪತ್ತೈದು ಸಲ. ಪುಸ್ತಕದ ಚೌಕಟ್ಟಿನಲ್ಲಿ ಇರುವುದೂ ಇಷ್ಟೇ. ಮನೆಯಲ್ಲಿ ಗುಂಡಿ ಇಲ್ಲದಿದ್ದರೆ ಮಣಿಗಳಾದರೂ ಆದೀತು.

ದನಿ ತಗ್ಗುವ ಪುಟಗಳು

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಾಲ್ಕನೆಯ ಸಂಜೆ ಹುಡುಗಿಯರು ಗಟ್ಟಿಯಾಗಿ ಓದುತ್ತಿದ್ದವರು ಇದ್ದಕ್ಕಿದ್ದಂತೆ ಪಿಸುಗುಡತೊಡಗಿದರು. ಮಾನವನ ಸಂತಾನೋತ್ಪತ್ತಿಯ ಪಾಠ. ಕೆಲವು ಕಡೆ ಈ ಪಾಠ ಬಂದಾಗ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ತಿರುಗಿಸಿಬಿಡುತ್ತಾರೆ. ಮನೆಯಲ್ಲಿ ನಾವೂ ಪುಟ ತಿರುಗಿಸಿದರೆ ಆ ಮಗು ಎಲ್ಲಿ ಓದಬೇಕು? ಜೀವಶಾಸ್ತ್ರದ ಪ್ರಶ್ನೆಪತ್ರಿಕೆಗೆ ನಾಚಿಕೆಯಿಲ್ಲ, ಅದು ಚಿತ್ರ ಬರೆದು ಹೆಸರಿಸಿ ಎಂದೇ ಕೇಳುತ್ತದೆ.

ನೀವು ಮಾಡಬೇಕಾದ್ದು ಇಷ್ಟೇ. ಎದ್ದು ಹೋಗಬೇಡಿ, ಗದರಬೇಡಿ, ನಗಬೇಡಿ. ತರಕಾರಿ ಹೆಚ್ಚುತ್ತಾ ಅಲ್ಲೇ ಕೂತಿರಿ. ಮುಟ್ಟಿನ ಚಕ್ರದ ಬಗ್ಗೆ ಅವರು ತಡವರಿಸಿದರೆ ಪುಸ್ತಕದ ಮಾತನ್ನು ಸರಳವಾಗಿ ಹೇಳಿ. ಸುಮಾರು ಇಪ್ಪತ್ತೆಂಟು ದಿನದ ಚಕ್ರ, ಹದಿನಾಲ್ಕನೆಯ ದಿನದ ಆಸುಪಾಸಿನಲ್ಲಿ ಒಂದು ಹಾರ್ಮೋನು ಏಕಾಏಕಿ ಏರಿ ಅಂಡಾಣು ಹೊರಬೀಳುತ್ತದೆ. ಕೂಸು ಬಂದರೆ ಇರಲಿ ಎಂದು ಗರ್ಭಕೋಶ ಒಳಗೆ ಹಾಸಿಗೆ ಹಾಸಿಟ್ಟಿರುತ್ತದೆ. ಕೂಸು ನಿಲ್ಲದಿದ್ದರೆ ಆ ಹಾಸಿಗೆ ಕಳಚಿ ಹೊರಹೋಗುತ್ತದೆ. ಅಷ್ಟೇ. ಕೂಸಿಗಾಗಿ ಹಾಸಿದ ಹಾಸಿಗೆಯಲ್ಲಿ ಮೈಲಿಗೆ ಎಲ್ಲಿಂದ ಬಂತು? ಪರೀಕ್ಷೆಯ ತಿಂಗಳಲ್ಲೂ ಮೂರು ದಿನ ಹೊರಗೆ ಕೂರಿಸುವ ಮನೆಗಳಿವೆ. ಓದುವ ಕೋಣೆಗೆ ಹೋಗುವ ಹಾಗಿಲ್ಲ, ಪುಸ್ತಕ ಮುಟ್ಟುವ ಹಾಗಿಲ್ಲ. ಉಳಿದಿರುವುದೇ ಮೂವತ್ತು ದಿನ, ಅದರಲ್ಲಿ ಮೂರು ದಿನ ಕಳೆದರೆ ಆ ಹುಡುಗಿಗೆ ಯಾರು ತುಂಬಿಕೊಡುತ್ತಾರೆ? ಅತ್ತೆಯವರಿಗೆ ನೀವೇ ಹೇಳಬೇಕಾಗುತ್ತದೆ, ಮಗಳ ಕೈಯಲ್ಲಿ ಹೇಳಿಸಬೇಡಿ.

ಇನ್ನೊಂದು ಪುಟವಂತೂ ಎಲ್ಲ ಮನೆಗಳಲ್ಲೂ ಗಟ್ಟಿಯಾಗಿ ಓದಬೇಕಾದ್ದು. ಹೆಣ್ಣಿನ ಜೀವಕೋಶದಲ್ಲಿ ಎಕ್ಸ್ ವರ್ಣತಂತು ಎರಡು. ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ. ತಾಯಿ ಕೊಡುವುದು ಯಾವಾಗಲೂ ಎಕ್ಸ್, ಅವಳ ಬಳಿ ಬೇರೆ ಇಲ್ಲವೇ ಇಲ್ಲ. ತಂದೆಯ ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ. ಯಾವುದು ಬಂದು ಕೂಡಿತೋ ಅದರ ಮೇಲೆ ಹೆಣ್ಣೋ ಗಂಡೋ ತೀರ್ಮಾನವಾಗುತ್ತದೆ. ಹಿಟ್ಟಿನ ಹುಳುವಿನ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1905ರಲ್ಲಿ ಇದನ್ನು ತೋರಿಸಿಕೊಟ್ಟವರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಹೆಂಗಸು ಪ್ರಮುಖಳು. ಹೆಣ್ಣು ಹೆತ್ತಳೆಂದು ತಾಯಿಯನ್ನು ದೂರುವುದು ಸರಿಯಲ್ಲವೆಂದು ಪಠ್ಯಪುಸ್ತಕದಲ್ಲೇ ಅಚ್ಚಾಗಿದೆ. ಇಷ್ಟಾದರೂ ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ತವರಿಗೆ ಕಳಿಸುವವರು ನಮ್ಮ ನಡುವೆ ಇಲ್ಲವೇ? ಹುಟ್ಟುವ ಮೊದಲೇ ಹೆಣ್ಣೋ ಗಂಡೋ ಎಂದು ಪತ್ತೆ ಮಾಡುವುದು 1994ರ ಕಾಯಿದೆಯ ಪ್ರಕಾರ ಅಪರಾಧ, ಅದೂ ನೆನಪಿರಲಿ.

ಆ ಸಂಜೆ ಹಳ್ಳಿಯ ಹುಡುಗಿ ಈ ಪಾಠವನ್ನು ಕನ್ನಡದಲ್ಲಿ ವಿವರಿಸುತ್ತಾ ನಡುವೆ ನಿಂತುಬಿಟ್ಟಳು. "ಆಂಟಿ, ನಮ್ಮಮ್ಮಂಗೆ ನಾವು ನಾಲ್ಕೂ ಹೆಣ್ಣೇ. ನಮ್ಮಜ್ಜಿ ಇವತ್ತಿಗೂ ಅಮ್ಮನ್ನ ಬೈತಾರೆ. ಇದನ್ನ ಮನೇಲಿ ಹೇಳಿದ್ರೆ ನಂಬ್ತಾರಾ?" ಅಂದಳು. ಮನೆಯಾಕೆ ಬೀನ್ಸ್ ನಾರು ತೆಗೆಯುವುದನ್ನು ನಿಲ್ಲಿಸದೆ, "ನಂಬಲಿ ಬಿಡಲಿ, ನೀನು ಮೊದಲು ಪರೀಕ್ಷೇಲಿ ಬರಿ. ಆಮೇಲೆ ಅಜ್ಜಿಗೆ ಹೇಳು, ಅಂಕ ಕೊಟ್ಟವರೇ ಹೇಳಿದ್ದು ಅಂತ" ಅಂದರು. ಮಕ್ಕಳೆಲ್ಲ ನಕ್ಕವು.

ಗುಂಡಿಯಾಟಕ್ಕೂ ಇಂಥದೇ ಒಂದು ಉಪಯೋಗವಿದೆ. ಥಲಸೀಮಿಯ, ಕುಡುಗೋಲು ರಕ್ತಹೀನತೆ ಮುಂತಾದ ಕಾಯಿಲೆಗಳು ತಂದೆ ತಾಯಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರೂ ಒಂದೊಂದು "ಬಿಳಿ ಗುಂಡಿ" ಹೊತ್ತಿದ್ದರೆ ಮಗುವಿಗೆ ಬರಬಹುದು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮೊದಲ ಮಗುವಿಗೆ ಬಂದರೆ ಮುಂದಿನ ಮೂವರು ಸುರಕ್ಷಿತ ಎಂದಲ್ಲ, ಪ್ರತಿ ಸಲವೂ ಆಟ ಹೊಸದು. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆ ಇಬ್ಬರ ಬಳಿಯೂ ಅದೇ ಬಿಳಿ ಗುಂಡಿ ಇರುವ ಸಂಭವ ಹೆಚ್ಚು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ, ಮನೆಗೆ ಅದಕ್ಕಿಂತ ದೊಡ್ಡದು.

ಹೇಗೆ ಕೂರಿಸಬೇಕು, ಏನು ಮಾಡಿಸಬಾರದು

ಮೂರು ಅಥವಾ ನಾಲ್ಕು ಜನ ಸಾಕು. ಐದನೆಯವಳು ಬಂದರೆ ಅದು ಸಂತೆ. ಬೆಳಿಗ್ಗೆ ಅವರವರ ಮನೆಯಲ್ಲಿ ಅವರವರು ಒಂದು ಪಾಠ ಓದಿಕೊಂಡೇ ಬರಬೇಕು, ಸಂಜೆ ಬಂದ ಮೇಲೆ ಓದುವ ಹಾಗಿಲ್ಲ, ಪುಸ್ತಕ ಮುಚ್ಚಿ ಕೇಳುವುದು ಹೇಳುವುದು ಮಾತ್ರ. ಇದು ನನ್ನ ಮಾತಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದು. ಪರೀಕ್ಷೆ ಇರುವುದು ಐದು ನಿಮಿಷಕ್ಕಲ್ಲ, ಅಲ್ಲವೇ?

ನಿಮ್ಮ ಪಾತ್ರ ಏನು? ಪುಸ್ತಕ ನಿಮ್ಮ ಕೈಗೆ ಕೊಡಲಿ. ಇಂಗ್ಲಿಷ್ ಬಾರದಿದ್ದರೂ ಚಿತ್ರ ಕಾಣುತ್ತದೆ. "ಇದೇನಿದು, ನನಗೆ ಅರ್ಥವಾಗೋ ಹಾಗೆ ಹೇಳು" ಎನ್ನಿ. ಕನ್ನಡದಲ್ಲಿ ನಿಮಗೆ ಹೇಳಿ ಒಪ್ಪಿಸಿದರೆ ಅವಳಿಗೆ ತಿಳಿದಿದೆ ಎಂದರ್ಥ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲಿ. ಈ ಎರಡನೆಯ ಹೆಜ್ಜೆ ತಪ್ಪಿಸಬೇಡಿ, ತಿಳಿದದ್ದನ್ನು ಬರೆಯಲು ಬಾರದೆ ಅಂಕ ಕಳೆದುಕೊಳ್ಳುವವರೇ ಜಾಸ್ತಿ. ನಮ್ಮ ಹುಡುಗಿಯರು ಕಷ್ಟದ ಪದಗಳನ್ನು ಹಳೇ ಕ್ಯಾಲೆಂಡರಿನ ಹಿಂಬದಿಗೆ ಕನ್ನಡ ಒಂದು ಕಡೆ, ಇಂಗ್ಲಿಷ್ ಒಂದು ಕಡೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು.

ಚೆನ್ನಾಗಿ ಓದುವ ಹುಡುಗಿಯ ತಾಯಿಗೆ ಒಂದು ಅಳುಕು ಇರುತ್ತದೆ: "ನಮ್ಮವಳು ಬೇರೆಯವರಿಗೆ ಹೇಳಿಕೊಡ್ತಾ ಕೂತರೆ ಅವಳ ಓದು ಹಾಳಾಗಲ್ವಾ?" ಮೇಷ್ಟರ ಮನೆಯಲ್ಲೂ ಈ ಮಾತು ಬಂದಿತ್ತಂತೆ. ಹಾಳಾಗುವುದಿಲ್ಲ. ಹೇಳಿಕೊಡಲು ಹೊರಟಾಗಲೇ ತನಗೆ ಎಲ್ಲಿ ಗೊತ್ತಿಲ್ಲ ಎಂಬುದು ಗೊತ್ತಾಗುವುದು. ತಂದೆ ಎ, ತಾಯಿ ಬಿ ಗುಂಪಿನವರಾದರೆ ಮಗು ಓ ಆಗಬಹುದೇ ಎಂದು ಟೈಲರ್ ಮಗಳು ಕೇಳಿದಾಗ ಕ್ಲಾಸಿಗೆ ಮೊದಲನೆಯವಳೇ ತಡೆದು ನಿಂತಳು. ಆಗಬಹುದು, ಇಬ್ಬರೂ ಒಳಗೊಳಗೆ ಒಂದೊಂದು ಓ ಹೊತ್ತಿದ್ದರೆ. ಗುಂಡಿಗಳನ್ನು ಮತ್ತೆ ಹರಡಿ ನಾಲ್ವರೂ ಬಿಡಿಸಿಕೊಂಡರು.

ಮೊಬೈಲಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ, ಆದರೆ ಶತ್ರುವೆಂದು ನೋಡಬೇಡಿ. ನಾಲ್ಕು ಜನಕ್ಕೆ ಒಂದೇ ಫೋನು, ಅದೂ ನಿಮ್ಮದು, ಒಂದು ವಿಡಿಯೋ ನೋಡಬೇಕಾದಾಗ ಮಾತ್ರ ಪಡಸಾಲೆಗೆ ಬರಲಿ. ಹುಡುಗರೂ ಜತೆಗೆ ಓದಲು ಬಂದರೆ? ಬರಲಿ ಬಿಡಿ. ಬಾಗಿಲು ತೆರೆದಿರುವ ಪಡಸಾಲೆಯಲ್ಲಿ, ನಿಮ್ಮ ಕಣ್ಣಳತೆಯಲ್ಲಿ ಕೂತು ಓದುವುದರಲ್ಲಿ ಯಾವ ಭಯವೂ ಬೇಡ. ಎದುರು ಮನೆಯವರು ಇಣುಕುತ್ತಾರೆ ಎನ್ನುವುದಾದರೆ ಅವರನ್ನೂ ಒಂದು ಲೋಟ ಮಜ್ಜಿಗೆಗೆ ಕರೆಯಿರಿ.

ದೂರದಿಂದ ಬರುವ ಹುಡುಗಿಯ ಬಸ್ಸಿನ ಹೊತ್ತು ನೀವೇ ತಿಳಿದುಕೊಂಡಿರಿ. 2023ರ ಜೂನ್‌ನಲ್ಲಿ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲದ ಪ್ರಯಾಣ ಆರಂಭವಾದ ಮೇಲೆ ಇಂಥ ಮಕ್ಕಳಿಗೆ ಓಡಾಡುವುದು ಸುಲಭವಾಯಿತು. ಆದರೆ ಕೊನೆಯ ಬಸ್ಸು ತಪ್ಪಿದರೆ ಪುಕ್ಕಟೆ ಟಿಕೆಟ್ಟಿನಿಂದ ಏನು ಪ್ರಯೋಜನ? ಆ ಮನೆಯಲ್ಲಿ ಆರು ಗಂಟೆ ಹೊಡೆದ ಕೂಡಲೇ ಅಂಗಡಿಯ ಯಜಮಾನರು ತಾವೇ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದರು. ಅವಳ ತಂದೆ ಒಂದು ದಿನ ಬಂದು ನೋಡಿಕೊಂಡು, ಏನೂ ಹೇಳದೆ, ಒಂದು ಚೀಲ ಅವರೆಕಾಯಿ ಇಟ್ಟು ಹೋದರು.

ತಿಂಡಿಯ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ! ಬಜ್ಜಿ ಬೋಂಡ ಬೇಡ, ತಿಂದರೆ ನಿದ್ದೆ. ಒಂದು ಬಟ್ಟಲು ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ಬಸಿಯಿರಿ. ಸಣ್ಣಗೆ ಹೆಚ್ಚಿದ ಒಂದು ಸೌತೆಕಾಯಿ, ಎರಡು ಚಮಚ ಕಾಯಿತುರಿ, ಕೊತ್ತಂಬರಿ ಸೊಪ್ಪು, ಅರ್ಧ ಹೋಳು ನಿಂಬೆರಸ ಸೇರಿಸಿ, ಸಾಸಿವೆ, ಹಸಿಮೆಣಸಿನಕಾಯಿ, ಇಂಗಿನ ಒಗ್ಗರಣೆ ಕೊಡಿ. ಉಪ್ಪನ್ನು ಮಾತ್ರ ತಟ್ಟೆಗೆ ಹಾಕುವಾಗಲೇ ಬೆರೆಸಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ಯಾಕೆ ಬಿಡುತ್ತದೆ ಎಂದು ಹುಡುಗಿಯರನ್ನೇ ಕೇಳಿ, ಅದೂ ಜೀವಶಾಸ್ತ್ರವೇ. ಖರ್ಚು ಒಬ್ಬರ ಮೇಲೇ ಬೀಳದಂತೆ ವಾರಕ್ಕೊಂದು ಮನೆ ಎಂದು ಸರದಿ ಮಾಡಿಕೊಳ್ಳಬಹುದು.

ರಾತ್ರಿ ಎರಡರವರೆಗೆ ಎಬ್ಬಿಸಿ ಕೂರಿಸುವುದು ದೊಡ್ಡ ಸಾಧನೆಯಲ್ಲ. ನಿದ್ದೆಗೆಟ್ಟ ತಲೆಯಲ್ಲಿ ಓದಿದ್ದು ನಿಲ್ಲುವುದಿಲ್ಲ. ಮಗು ಊಟ ಬಿಟ್ಟರೆ, ಕಾರಣವಿಲ್ಲದೆ ಅತ್ತರೆ, "ನಾನಿದ್ದು ಏನು ಪ್ರಯೋಜನ" ಎನ್ನುವಂಥ ಮಾತಾಡಿದರೆ ಅದನ್ನು ಪರೀಕ್ಷೆಯ ಭಯ ಎಂದು ತಳ್ಳಿಹಾಕದಿರಿ. 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಸರ್ಕಾರದ ಟೆಲಿ-ಮಾನಸ್ ಸೇವೆಯಲ್ಲಿ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಗೋಡೆಗೆ ಬರೆದಿಡಿ.

ಪರೀಕ್ಷೆಯ ಬೆಳಿಗ್ಗೆ ಎರಡು ಪೆನ್ಸಿಲ್ ಮೊನೆ ಮಾಡಿಸಿ, ರಬ್ಬರ್, ಸ್ಕೇಲ್, ಹಾಲ್ ಟಿಕೆಟ್ ಒಂದೇ ಚೀಲಕ್ಕೆ ಹಾಕಿಸಿ. ಬರೆದು ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ ಎಷ್ಟು ಬರುತ್ತೆ ಎಂದು ಲೆಕ್ಕ ಕೇಳಬೇಡಿ. ಮೊದಲು ಊಟ.

ಆ ನಾಲ್ವರ ಫಲಿತಾಂಶ ತಿಳಿಯುವ ಕುತೂಹಲ ನಿಮಗಿರಬಹುದು. ಜೀವಶಾಸ್ತ್ರದಲ್ಲಿ ನಾಲ್ವರೂ ಪಾಸಾದರು, ಮೇಷ್ಟರ ಮಗಳಿಗೆ ತೊಂಬತ್ತರ ಮೇಲೆ ಬಂತು. ಹಳ್ಳಿಯ ಹುಡುಗಿಗೆ ಭೌತಶಾಸ್ತ್ರ ಕೈಕೊಟ್ಟಿತು. ಹಿಂದಿನ ಕಾಲವಾಗಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. 2024ರಿಂದ ಪರೀಕ್ಷಾ ಮಂಡಳಿಯವರು ಅದೇ ವರ್ಷದಲ್ಲಿ ಮತ್ತೊಮ್ಮೆ ವಾರ್ಷಿಕ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತಿದ್ದಾರೆ, ಹೆಚ್ಚು ಬಂದ ಅಂಕವೇ ಲೆಕ್ಕಕ್ಕೆ. ಫಲಿತಾಂಶ ಬಂದ ಮಾರನೆಯ ದಿನ ಮನೆಯಾಕೆಯೇ ಅವಳ ತಂದೆಗೆ ಫೋನ್ ಮಾಡಿ, "ಇನ್ನೊಂದು ಪರೀಕ್ಷೆ ಇದೆ, ಅಲ್ಲೀತನಕ ಗಂಡಿನ ಕಡೆಯೋರಿಗೆ ಏನೂ ಹೇಳ್ಬೇಡಿ ಅಣ್ಣಾ" ಅಂದರಂತೆ. ಏಪ್ರಿಲ್ ಬಿಸಿಲಲ್ಲಿ ಮತ್ತೆ ಚಾಪೆ ಹಾಸಿತು. ಈ ಸಲ ಭೌತಶಾಸ್ತ್ರ, ಪಾಸಾದ ಮೂವರೂ ಬಂದು ಕೂತರು.

ಅವಳು ಪಾಸಾದಳು. ನರ್ಸಿಂಗ್ ಸೀಟು ಆ ವರ್ಷ ಸಿಗಲಿಲ್ಲ, ಊರ ಕಾಲೇಜಿನಲ್ಲೇ ಬಿ.ಎಸ್ಸಿ.ಗೆ ಸೇರಿದ್ದಾಳೆ. ಮದುವೆಯ ಮಾತು ನಿಂತಿಲ್ಲ, ಮುಂದಕ್ಕೆ ಹೋಗಿದೆ. ಅವಳ ಕೈಯಲ್ಲಿದ್ದ ಜೀವಶಾಸ್ತ್ರದ ಪುಸ್ತಕ, ಕ್ಯಾಲೆಂಡರಿನ ಹಿಂಬದಿಯ ಪದಗಳ ಸಮೇತ, ಈಗ ಅವಳ ತಂಗಿಯ ಚೀಲದಲ್ಲಿದೆ.